ಎಪ್ಪತ್ತು ಜನರನ್ನು ಇಳಿಸಿದವಳು

"ಎಪ್ಪತ್ತು ಜನ ಕೋಟು ಹಾಕ್ಕೊಂಡು, ಬೆವರು ಸುರಿಸ್ಕೊಂಡು ಮಾಡೋ ಕೆಲಸಾನ ನಾನು ಹತ್ತು ಬೆರಳಲ್ಲಿ ಮಾಡ್ತೀನಿ. ಹನ್ನೊಂದನೇದು ಒಂದಿದ್ದಿದ್ರೆ ಪಿಯಾನೋ ಒಳಗಿಂದ ಹಿಮಾನೂ ಬೀಳಿಸ್ತಿದ್ದೆ."

ಇದು ಇಳಿಸಮ್ಮನ ಮಾತು. ಹಾಲು ಹಾಕುವವನಿಗೆ ಇದನ್ನು ಹೇಳಿದ್ದಳು, ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟು ಹರಿಯುವವನಿಗೆ ಹೇಳಿದ್ದಳು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಹೇಳಿದ್ದಳು. ಆ ಡಾಕ್ಟರು ಮಾತು ಮುಗಿಯಲೆಂದು ಕಾದು ಕಾದು, ಕೊನೆಗೆ ಕೀಳಬೇಕಾದ ಹಲ್ಲು ತಾನೇ ಬೇಸತ್ತು ಹೊರಬಂತೆಂದು ಪೇಟೆಯಲ್ಲಿ ಸುದ್ದಿ. ಹತ್ತು ಬೆರಳಿನ ಈ ಕತೆ ಕೇಳದವರು ಆ ಪೇಟೆಯಲ್ಲಿ ಇಬ್ಬರೇ ಇದ್ದರು. ಒಬ್ಬನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಇನ್ನೊಬ್ಬ ಆಗ ತಾನೇ ಹುಟ್ಟಿದ್ದ.

ಅವಳ ಕಸುಬಿನಿಂದಲೇ ಈ ಹೆಸರು ಬಂದದ್ದು. ವರ್ಷದ ಕೊನೆಗೆ ಶಾಲೆಗಳಿಗೆ ದೊಡ್ಡ ರಜೆ ಬಿಟ್ಟಾಗ ಒಂದು ರಜೆ ಸಿನಿಮಾ ಬರುತ್ತಿತ್ತು. ಅದರಲ್ಲಿ ಹಿಮ ಬೀಳಲೇಬೇಕು, ಒಂದು ಪ್ರಾಣಿ ಕಳೆದುಹೋಗಲೇಬೇಕು, ಒಬ್ಬ ತಾತ ಮುನಿಸಿಕೊಳ್ಳಲೇಬೇಕು. ಕೊನೆಯ ಹತ್ತು ನಿಮಿಷದಲ್ಲಿ ತಾತ, ಪ್ರಾಣಿ, ಹಿಮ ಮೂರೂ ಒಂದೇ ಬಾಗಿಲಲ್ಲಿ ಸೇರಬೇಕು, ಆಗ ನಲವತ್ತು ಪಿಟೀಲು ಒಟ್ಟಿಗೆ ಅಳಬೇಕು. ಸಿನಿಮಾ ನೋಡಿ ಬಂದ ಮನೆಗಳಲ್ಲಿ ಪಿಯಾನೋ ಇದ್ದರೆ, ನೆಂಟರ ಮುಂದೆ ಮಕ್ಕಳು ಅದೇ ರಾಗ ನುಡಿಸಬೇಕು. ಮನೆಯಲ್ಲಿ ನಲವತ್ತು ಪಿಟೀಲು ಎಲ್ಲಿಂದ ತರುವುದು? ಅಲ್ಲಿಗೇ ಇಳಿಸಮ್ಮ ಬೇಕಾಗುತ್ತಿದ್ದಳು. ಪಿಟೀಲು, ಕೊಳಲು, ತುತ್ತೂರಿ, ನಗಾರಿ, ಹೀಗೆ ಎಪ್ಪತ್ತು ಜನರ ವಾದ್ಯಮೇಳವನ್ನೇ ಹಿಂಡಿ, ಸೋಸಿ, ಒಬ್ಬರು ಒಂದೇ ಪಿಯಾನೋದಲ್ಲಿ ನುಡಿಸುವ ಹಾಗೆ ಕಾಗದಕ್ಕೆ ಇಳಿಸುತ್ತಿದ್ದಳು.

ಇಳಿಸುವ ರೀತಿಯೂ ಅವಳದೇ. ಮಧ್ಯಾಹ್ನದ ಆಟಕ್ಕೆ ಹೋಗಿ ಕೊನೆ ಸಾಲಿನ ಅಂಚಿನ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಗೆರೆ ಹಾಕಿದ ಹಾಳೆ ಇಟ್ಟುಕೊಂಡು ಕತ್ತಲಲ್ಲೇ ಬರೆಯುತ್ತಿದ್ದಳು. ಒಂದೇ ಸಿನಿಮಾ ಹದಿನೈದು ಸಲ. ಪರದೆಯ ಮೇಲೆ ಏನಾಗುತ್ತಿದೆ ಎಂದು ಒಮ್ಮೆಯೂ ನೋಡಿದವಳಲ್ಲ. ನಾಯಿ ಸಿಕ್ಕಿತೋ ಇಲ್ಲವೋ ಎಂದು ಅವಳು ಟಿಕೆಟು ಹರಿಯುವವನನ್ನೇ ಕೇಳಬೇಕಿತ್ತು. ಆಮೇಲೆ ಇಸ್ತ್ರಿ ಅಂಗಡಿಯ ಮೇಲಿದ್ದ ತನ್ನ ಎರಡು ಕೋಣೆಯ ಮನೆಗೆ ಬಂದು, ಬಾಗಿಲು ಹಾಕಿ, ಹಳೆಯ ಪಿಯಾನೋ ಮುಂದೆ ಕೂರುತ್ತಿದ್ದಳು. ಕೆಳಗಿನಿಂದ ಹಬೆ ಬಂದು ಬಂದು ಅದರ ಎರಡು ಕೀ ಒತ್ತಿದರೆ ಮೇಲೇಳುತ್ತಿರಲಿಲ್ಲ. ಅವನ್ನು ಬಾಚಣಿಗೆಯಿಂದ ಎಬ್ಬಿಸುತ್ತ, ಯಾವ ಸ್ವರಕ್ಕೆ ಯಾವ ಬೆರಳು ಎಂಬ ಪುಟ್ಟ ಅಂಕಿಗಳನ್ನು ಸ್ವರಗಳ ನೆತ್ತಿಯ ಮೇಲೆ ಬರೆಯುತ್ತಿದ್ದಳು. ಹೆಬ್ಬೆರಳಿಗೆ ಒಂದು, ಕಿರುಬೆರಳಿಗೆ ಐದು. ನುಡಿಸುವಾಗ ಎದುರಿಗೆ ಯಾರೂ ಇರಕೂಡದು. ಹೊರಗೆ ಬಂದರೆ ಬಲಗೈಯಲ್ಲಿ ಸದಾ ಒಂದು ದಪ್ಪ ಪೆನ್ಸಿಲು. ಮಲಗುವಾಗಲೂ ಅದು ಹಾಗೇ ಇರುತ್ತದೆಂದು ಇಸ್ತ್ರಿಯವನು ಪಂಥ ಕಟ್ಟಿದ್ದ.

ಇನ್ನೊಂದು ಗುಣವನ್ನೂ ಹೇಳಿಬಿಡಬೇಕು. ಇಳಿಸಮ್ಮ ಸ್ವರವನ್ನು ಮರೆತರೂ ಮರೆತಾಳು, ಸೇಡನ್ನು ಮರೆಯುವವಳಲ್ಲ. ಒಮ್ಮೆ ದರ್ಜಿಯೊಬ್ಬ ಅವಳ ಕೋಟಿನ ತೋಳನ್ನು ಗಿಡ್ಡ ಹೊಲಿದ. ಇವಳು ಜಗಳವಾಡಲಿಲ್ಲ. ನಿಮ್ಮ ಹೊಲಿಗೆ ಯಂತ್ರ ಅರ್ಧ ಸ್ವರ ಕೆಳಗೆ ಕಿರುಗುಟ್ಟುತ್ತದೆ ಎಂದಷ್ಟೇ ಹೇಳಿ ಎದ್ದು ಬಂದಳು. ಅಂದಿನಿಂದ ಅವನಿಗೆ ಆ ಅರ್ಧ ಸ್ವರ ಬಿಟ್ಟು ಬೇರೇನೂ ಕೇಳಿಸದಾಯಿತು. ಎಣ್ಣೆ ಬಿಟ್ಟ, ಬೋಲ್ಟು ಬಿಗಿದ, ಕಿವಿಗೆ ಹತ್ತಿ ತುರುಕಿದ, ಕೊನೆಗೆ ಯಂತ್ರ ಮಾರಿ ಛತ್ರಿ ಅಂಗಡಿ ಇಟ್ಟ. ಛತ್ರಿಗಳು ಕಿರುಗುಟ್ಟುವ ಬಗ್ಗೆ ಇಳಿಸಮ್ಮ ಇನ್ನೂ ಏನೂ ಹೇಳಿಲ್ಲ. ಮಾತು ಕೈಯಲ್ಲಿದೆ ಅಷ್ಟೆ.

ಇಂಥವಳ ಹತ್ತಿರ ಭಾವ ತಪ್ಪು ಮಾಡಿದ.

ಭಾವ ಎಂದರೆ ಅಕ್ಕನ ಗಂಡ. ಮುಖ್ಯ ರಸ್ತೆಯಲ್ಲಿ ಸಂಗೀತದ ಪುಸ್ತಕಗಳ ಅಂಗಡಿ ಇಟ್ಟಿದ್ದ. ಗಾಜಿನ ಬಾಗಿಲು, ಅದರ ಹಿಂದೆ ಒಂದು ಕರಿ ಪಿಯಾನೋ, ಅದರ ಹಿಂದೆ ಭಾವ. ನುಡಿಸುವುದೂ ಒಂದಿಷ್ಟು ಬರುತ್ತಿತ್ತು, ಪುಸ್ತಕ ಕಣ್ಣೆದುರಿಗೆ ಇರಬೇಕು, ಪಕ್ಕದಲ್ಲಿ ಪುಟ ತಿರುಗಿಸುವವರು ಇರಬೇಕು. ಕೈಬರಹ ಮಾತ್ರ ಮುತ್ತು ಪೋಣಿಸಿದ ಹಾಗೆ. ಇಳಿಸಮ್ಮನ ಅಕ್ಷರವೋ, ಕೋಳಿ ಮಸಿಯಲ್ಲಿ ಕಾಲದ್ದಿ ಓಡಿದಂತೆ. ಆದ್ದರಿಂದ ಅವಳು ಬರೆದದ್ದನ್ನು ಭಾವ ಅಂದವಾಗಿ ಪ್ರತಿ ಮಾಡಿ ಮುದ್ರಕನಿಗೆ ಕೊಡುತ್ತಿದ್ದ. ಅವಳ ಹಾಳೆಗಳು ಅಂಗಡಿಯಲ್ಲಿ ಮಾರಾಟಕ್ಕಿದ್ದ ಪಿಟೀಲು ತಂತಿಯ ಸುರುಳಿ ಸುತ್ತಲು ಬಳಕೆಯಾಗುತ್ತಿದ್ದವು. ಹನ್ನೆರಡು ವರ್ಷ, ಹನ್ನೆರಡು ಸಿನಿಮಾ, ಹನ್ನೆರಡು ತೆಳು ಪುಸ್ತಕ. ಯಾವುದರ ಮೇಲೂ ಅವಳ ಹೆಸರಿಲ್ಲ. ಕೇಳಿದರೆ, ತೆಳು ಪುಸ್ತಕಕ್ಕೆ ಹೆಸರು ಹಾಕುವ ಪದ್ಧತಿಯಿಲ್ಲಮ್ಮ ಎನ್ನುತ್ತಿದ್ದ.

ಹದಿಮೂರನೇ ವರ್ಷ ಹನ್ನೆರಡನ್ನೂ ಸೇರಿಸಿ ದಪ್ಪ ಪುಸ್ತಕ ಮಾಡುವ ಮಾತು ಬಂತು. ಇದಕ್ಕೆ ಹೆಸರು ಹಾಕೋಣ, ಹೊದಿಕೆಯ ಮೇಲೇ ಹಾಕೋಣ ಎಂದ ಭಾವ. ಇಳಿಸಮ್ಮ ಪೇಟೆಗೆಲ್ಲ ಹೇಳಿಕೊಂಡು ಬಂದಳು. ಐವತ್ಮೂರು ವರ್ಷದ ಜೀವ, ತನ್ನ ಹೆಸರನ್ನು ಅಚ್ಚಿನಲ್ಲಿ ಕಂಡದ್ದು ನೀರಿನ ಬಿಲ್ಲಿನ ಮೇಲೆ ಮಾತ್ರ, ಅದೂ ತಪ್ಪಾಗಿ.

ಪುಸ್ತಕ ಬಂತು. ಹೊದಿಕೆಯ ಮೇಲೆ ಭಾವನ ಫೋಟೋ, ಕೈಯ ಮೇಲೆ ಗದ್ದ ಊರಿ ದೂರದ ಹಿಮ ನೋಡುತ್ತಿರುವ ಭಂಗಿ. ಕೆಳಗೆ ಭಾವನ ಹೆಸರು, ಎಮ್ಮೆಯ ಗಾತ್ರದ ಅಕ್ಷರದಲ್ಲಿ. ಇಳಿಸಮ್ಮ ನಿಂತಲ್ಲೇ ಒಂದೊಂದು ಹಾಳೆ ತಿರುವಿದಳು. ಕೊನೆಯ ಪುಟದಲ್ಲಿ, ಮುದ್ರಕನ ವಿಳಾಸದ ಮೇಲೆ, ಇರುವೆ ಗಾತ್ರದಲ್ಲಿ ಒಂದು ಸಾಲಿತ್ತು: ಪುಟ ತಿರುಗಿಸಲು ನೆರವಾದ ನಾದಿನಿಗೆ ಧನ್ಯವಾದಗಳು.

ಮುದ್ರಕನ ಎಡವಟ್ಟು ಎಂದ ಭಾವ. ಮುಂದಿನ ಮುದ್ರಣದಲ್ಲಿ ನೋಡೋಣ ಎಂದ. ಗಲ್ಲಾಪೆಟ್ಟಿಗೆ ಮುಚ್ಚಿ, ಕನ್ನಡಕ ಒರೆಸಿ, ಅವಳ ಮುಖವೊಂದನ್ನು ಬಿಟ್ಟು ಅಂಗಡಿಯ ಎಲ್ಲವನ್ನೂ ನೋಡಿದ.

ಅಂದಿನಿಂದ ಇಳಿಸಮ್ಮನಿಗೆ ಸೇಡೇ ಊಟ, ಸೇಡೇ ನಿದ್ದೆ. ಸ್ವರ ಬರೆಯುವ ಹಾಳೆಯ ಬೆನ್ನಿಗೆ ಪಟ್ಟಿ ಮಾಡಿದಳು. ಭಾವನ ಪಿಯಾನೋ ಒಳಗೆ ಕಪ್ಪೆ ಬಿಡುವುದು. ಕೀಗಳ ಈ ತುದಿಯಿಂದ ಆ ತುದಿಗೆ ಭುಜ ಕಳಚಿಬೀಳುವಂಥ ನೆಗೆತ ಬರೆದು ಅವನ ಕೈಗೆ ಕೊಡುವುದು. ನಿಮ್ಮ ಎಡ ಹುಬ್ಬು ಬಲದ್ದಕ್ಕಿಂತ ಮೇಲಿದೆ ಎಂದು ಒಂದೇ ಒಂದು ಸಲ ಹೇಳಿ ಬರುವುದು. ಪಾತ್ರೆ ತೊಳೆಯುವಾಗ ಬಾಣಲೆಯನ್ನೇ ಭಾವನೆಂದುಕೊಂಡು ಉಜ್ಜುತ್ತಿದ್ದಳು. ಆ ತಿಂಗಳು ಬಾಣಲೆ ಎಷ್ಟು ತೆಳ್ಳಗಾಯಿತೆಂದರೆ ಅದರ ಮೂಲಕ ಎದುರುಮನೆ ಕಾಣುತ್ತಿತ್ತು.

ಅಷ್ಟರಲ್ಲಿ ಅವಕಾಶವೇ ಮೆಟ್ಟಿಲು ಹತ್ತಿ ಬಂತು. ಹೊಸ ರಜೆ ಸಿನಿಮಾದ ಮೊದಲ ಮಧ್ಯಾಹ್ನ, ಆಟಕ್ಕೆ ಮುಂಚೆ, ಚಿತ್ರಮಂದಿರದ ಹಜಾರದಲ್ಲಿ ಭಾವ "ತನ್ನ" ಪುಸ್ತಕದಿಂದ ನುಡಿಸುತ್ತಾನೆ. ಪುಟ ತಿರುಗಿಸಲು ನಾದಿನಿ ಬರಬೇಕು. ಹೇಳಲು ಬಂದವಳು ಅಕ್ಕ.

ಅಕ್ಕ ದಪ್ಪನೆಯ ಮೆದು ಹೆಂಗಸು. ಕುರ್ಚಿಯನ್ನೂ ಕ್ಷಮೆ ಕೇಳಿ ಕೂರುವಂಥವಳು. ಇಳಿಸಮ್ಮ ಅವಳಿಗೆ ತನ್ನ ಯೋಜನೆ ಹೇಳಿದಳು. ಭಾವ ನುಡಿಸಲಿರುವ ರಾಗದಲ್ಲಿ, ಕಳೆದ ನಾಯಿ ಮನೆಗೆ ಬರುವ ಕಡೆ ಮೂರನೇ ಪುಟ ಮುಗಿಯುತ್ತದೆ. ಅಲ್ಲಿ ತಾನು ಪುಟ ತಿರುಗಿಸುವುದಿಲ್ಲ. ನೋಡದೆ ನುಡಿಸಲು ಭಾವನಿಗೆ ನಾಲ್ಕು ಸ್ವರವೂ ಬಾರದು. ನಾಯಿ ಬಾಗಿಲಲ್ಲೇ ನಿಲ್ಲುತ್ತದೆ, ಇಡೀ ಪೇಟೆ ನೋಡುತ್ತದೆ.

"ಅವರ ಮಾನ ಹೋಗುತ್ತೆ ಕಣೇ," ಎಂದಳು ಅಕ್ಕ.

"ಹೋಗಲಿ ಅಂತಾನೇ."

"ಅದರ ಬದಲು ಪುಸ್ತಕ ನಂದು ಅಂತ ಹೇಳಿಬಿಡು."

"ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ಮುದ್ರಕನ ಹತ್ರ ಇರೋದೆಲ್ಲ ಭಾವನ ಅಕ್ಷರ. ನನ್ನ ಗುರುತು ಎಲ್ಲಿದೆ ಅದ್ರಲ್ಲಿ?"

ಅಕ್ಕ ತಂಗಿಯ ಬಲಗೈಯನ್ನು ಒಂದು ಕ್ಷಣ ನೋಡಿದಳು. ಮತ್ತೆ ತಟ್ಟನೆ ಕಿಟಕಿಯ ಕಡೆ ತಿರುಗಿ, ಕೆಳಗೆ ಎಷ್ಟೊಂದು ಬಟ್ಟೆ ಬಿದ್ದಿದೆ ನೋಡು ಇಸ್ತ್ರಿಗೆ ಎಂದಳು.

ಆ ಮಧ್ಯಾಹ್ನ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೋಳದ ಅರಳು ಮಾರುವ ಕಿಟಕಿಯ ಪಕ್ಕ ಪಿಯಾನೋ, ಹೊಸ ಕೋಟು ತೊಟ್ಟ ಭಾವ, ಅವನ ಎಡಕ್ಕೆ ಪುಟ್ಟ ಸ್ಟೂಲಿನ ಮೇಲೆ ಇಳಿಸಮ್ಮ. ಮುಂದಿನ ಸಾಲಿನಲ್ಲಿ ಅಕ್ಕ. ಅಕ್ಕನ ಪಕ್ಕ ಟೀಚರಮ್ಮ. ಎಂಬತ್ತು ದಾಟಿದ ಟೀಚರಮ್ಮ ಪೇಟೆಯ ಅರ್ಧಕ್ಕೆ ಪಿಯಾನೋ ಕಲಿಸಿದವರು, ಉಳಿದರ್ಧಕ್ಕೆ ಬೇಡ ಬಿಡಿ ಎಂದವರು. ಭಾವ ಆ ಎರಡನೇ ಅರ್ಧಕ್ಕೆ ಸೇರಿದವನು. ಅವರ ಮಡಿಲಲ್ಲಿ ದಪ್ಪ ಪುಸ್ತಕ, ಕೈಯಲ್ಲಿ ನಾಟಕ ನೋಡುವ ಪುಟ್ಟ ದುರ್ಬೀನು.

ಭಾವ ಬೆರಳು ನೆಟಿಗೆ ಮುರಿದು ಇನ್ನೇನು ಶುರುಮಾಡಬೇಕು, ಟೀಚರಮ್ಮ ಕೈ ಎತ್ತಿದರು.

"ಪುಸ್ತಕ ಚೆನ್ನಾಗಿದೆ ಕಣಪ್ಪಾ. ನೀನು ಬರೆದದ್ದು ಅಂತ ನಂಬೋಕೇ ಆಗಲ್ಲ."

ಭಾವ ಇದನ್ನು ಹೊಗಳಿಕೆ ಎಂದು ತಿಳಿದು ತಲೆ ಬಾಗಿದ.

"ಒಂದು ಮಾತ್ರ ಅರ್ಥ ಆಗಿಲ್ಲ. ನೂರಾ ಇಪ್ಪತ್ತು ಪುಟ ಭೂತಗನ್ನಡಿ ಹಿಡ್ಕೊಂಡು ಹುಡುಕಿದೆ. ಎಡಗೈಗೆ ಎಲ್ಲಾ ಅಂಕಿ ಇದೆ. ಬಲಗೈಗೆ ಒಂದು, ಎರಡು, ಮೂರು, ಐದು. ನಾಲ್ಕು ಒಂದೇ ಒಂದು ಕಡೆ ಇಲ್ಲ. ಬಲಗೈ ಉಂಗುರದ ಬೆರಳು ನಿಂಗೇನು ದ್ರೋಹ ಮಾಡಿತ್ತು?"

ಭಾವನಿಗೆ ಅದು ಗೊತ್ತೇ ಇರಲಿಲ್ಲ. ಹನ್ನೆರಡು ವರ್ಷ ಆ ಅಂಕಿಗಳನ್ನು ಮುತ್ತಿನ ಹಾಗೆ ಪ್ರತಿ ಮಾಡಿದ್ದ, ಒಂದನ್ನೂ ಓದಿರಲಿಲ್ಲ. ಆದರೆ ವ್ಯಾಪಾರಿಯ ನಾಲಿಗೆ, ಜಾರಿದರೂ ಬೀಳುವುದಿಲ್ಲ.

"ಅದು ನನ್ನ ಪದ್ಧತಿ ಟೀಚರ್. ನಾಲ್ಕನೇ ಬೆರಳು ಸೋಮಾರಿ. ಪಕ್ಕದವರು ಎಬ್ಬಿಸಿದ್ರೆ ಏಳುತ್ತೆ, ಇಲ್ಲಾಂದ್ರೆ ಇಲ್ಲ. ಅಂಥವರಿಗೆ ನನ್ನ ಪುಸ್ತಕದಲ್ಲಿ ಕೆಲಸ ಇಲ್ಲ."

ಜನ ಚಪ್ಪಾಳೆ ತಟ್ಟಿದರು. ಇಳಿಸಮ್ಮನ ಕಿವಿಯಿಂದ ಹೊಗೆ ಬಂತು. ಹೊಗೆ ನಿಜವಾಗಿ ಕಂಡಿತೆಂದು ಅರಳು ಮಾರುವವನು ಈಗಲೂ ಹೇಳುತ್ತಾನೆ, ತನ್ನ ಬಾಣಲೆ ಸೀದಿದ್ದನ್ನು ಮಾತ್ರ ಹೇಳುವುದಿಲ್ಲ. ಹೆಸರು ಕದ್ದ, ಸರಿ. ಕದ್ದ ಪುಸ್ತಕದೊಳಗೆ ಅವಳ ಬೆರಳನ್ನೇ ಸೋಮಾರಿ ಎಂದ.

ಏಕೆಂದರೆ ಆ ಬೆರಳು ಅವಳದು. ಒಂಬತ್ತನೇ ವಯಸ್ಸಿನಲ್ಲಿ ಪಿಯಾನೋದ ಮುಚ್ಚಳ ಬಿದ್ದು ಗೆಣ್ಣು ಪುಡಿಯಾಗಿ, ಮತ್ತೆ ಕೂಡಿಕೊಂಡಾಗ ಬೆರಳು ನೆಟ್ಟಗೆ ಕೋಲಾಗಿತ್ತು. ಮಡಿಸಲು ಬಾರದು, ಒತ್ತಲು ಬಾರದು. ದಪ್ಪ ಪೆನ್ಸಿಲಿನ ಬೆನ್ನಿಗೆ ಅದನ್ನು ಒರಗಿಸಿ ನಲವತ್ನಾಲ್ಕು ವರ್ಷ ಬಚ್ಚಿಟ್ಟಿದ್ದಳು. ಅಂಕಿ ಬರೆಯುವಾಗ ತನ್ನ ಕೈ ಏನು ಮಾಡಿತೋ ಅದನ್ನು ಬರೆದಿದ್ದಳು, ಅಷ್ಟೆ. ನಾಲ್ಕನ್ನು ಬಿಡುತ್ತಿದ್ದೇನೆ ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಗುರುತು ಎಲ್ಲಿದೆ ಎಂದು ಅಕ್ಕನನ್ನು ಕೇಳಿದ್ದಳಲ್ಲ, ನೂರಾ ಇಪ್ಪತ್ತು ಪುಟದಲ್ಲೂ ಇತ್ತು.

ಕೈ ಎತ್ತಿ ತೋರಿಸಿದರೆ ಸಾಕು, ಪುಸ್ತಕ ಅವಳದು. ಆದರೆ ಹತ್ತು ಬೆರಳಿನ ಕತೆ ಕೇಳದವರು ಆ ಹಜಾರದಲ್ಲಿ ಒಬ್ಬರೂ ಇರಲಿಲ್ಲ. ಹಾಲಿನವನಿದ್ದ, ಹಲ್ಲಿನ ಡಾಕ್ಟರಿದ್ದರು, ಛತ್ರಿ ಅಂಗಡಿಯವನಾದ ದರ್ಜಿಯಂತೂ ಮೊದಲ ಸಾಲಿನ ಹಿಂದೆಯೇ ಕೂತು ಕಾಯುತ್ತಿದ್ದ. ಹೆಸರು ಬೇಕೆಂದರೆ ಜಂಬ ಬಿಡಬೇಕು. ಜಂಬ ಬೇಕೆಂದರೆ ಹೆಸರು ಆ ಎಮ್ಮೆ ಅಕ್ಷರಗಳ ಅಡಿಯಲ್ಲೇ ಸಾಯಬೇಕು.

"ಪದ್ಧತೀನ ಸ್ವಲ್ಪ ತೋರಿಸಪ್ಪಾ," ಎಂದು ಟೀಚರಮ್ಮ ದುರ್ಬೀನು ಕಣ್ಣಿಗೇರಿಸಿದರು.

ಭಾವ ಶುರುಮಾಡಿದ. ಹಿಮ ಬಿತ್ತು, ನಾಯಿ ಕಳೆದುಹೋಯಿತು. ಹುಟ್ಟಿದಾಗಿನಿಂದ ಹತ್ತೂ ಬೆರಳು ಸರಿಯಾಗಿ ಮಡಿಯುತ್ತಿದ್ದವನ ಕೈ, ಯಾರು ಬೇಡವೆಂದರೂ ಕೇಳುತ್ತದೆಯೇ?

"ನಾಲ್ಕು," ಎಂದರು ಟೀಚರಮ್ಮ, ಗಟ್ಟಿಯಾಗಿ.

ಭಾವ ಬೆರಳು ಎಳೆದುಕೊಂಡ. ಎರಡು ಸಾಲು ದಾಟುವಷ್ಟರಲ್ಲಿ, "ಇಗೋ ಮತ್ತೆ ನಾಲ್ಕು." ಹಿಂದೆ ಯಾರೋ ಕಿಸಕ್ಕೆಂದರು. ಭಾವನ ಕುತ್ತಿಗೆ ಕೆಂಪಾಯಿತು. ಸೋಮಾರಿ ಬೆರಳು ಅಂದು ಎಲ್ಲರಿಗಿಂತ ಹೆಚ್ಚು ದುಡಿಯಿತು. ಎಂಟನೇ ಸಲಕ್ಕೆ ಇಡೀ ಹಜಾರವೇ ಟೀಚರಮ್ಮನ ಜೊತೆ "ನಾಲ್ಕು" ಎಂದು ಕೂಗಿತು.

ಮೂರನೇ ಪುಟದ ಕೊನೆ ಸಾಲು ಬಂತು. ಪುಟ ತಿರುಗಿಸುವವರಿಗೆ ಒಂದು ಕ್ರಮವಿದೆ. ಎಡಕ್ಕೆ ಕೂತು, ಎದ್ದು ನಿಂತು, ಎಡಗೈಯಲ್ಲೇ ಮೇಲ್ಮೂಲೆ ಹಿಡಿದು ತಿರುಗಿಸಬೇಕು. ಬಲಗೈ ಹಾಕಿದರೆ ನುಡಿಸುವವನ ಮುಖಕ್ಕೆ ಅಡ್ಡ ಬರುತ್ತದೆ. ಇಳಿಸಮ್ಮ ಎದ್ದಳು. ಪೆನ್ಸಿಲನ್ನು ಪಿಯಾನೋ ಮೇಲೆ ಇಟ್ಟಳು. ನಿಧಾನವಾಗಿ ಬಲಗೈಯನ್ನೇ ಭಾವನ ಮುಖದ ಮುಂದೆ ಚಾಚಿ, ಪುಟದ ಮೂಲೆ ಹಿಡಿದು, ಹಾಗೇ ನಿಂತಳು. ತಿರುಗಿಸಲಿಲ್ಲ. ಮೂರು ಬೆರಳು ಹಾಳೆಯ ಮೇಲೆ ಮಡಿಸಿಕೊಂಡಿದ್ದವು, ಹೆಬ್ಬೆರಳು ಹಿಂದಿನಿಂದ ಒತ್ತಿತ್ತು. ಉಂಗುರದ ಬೆರಳೊಂದು ಮಾತ್ರ ಬಾವುಟದ ಕಂಬದ ಹಾಗೆ, ಭಾವನ ಎರಡು ಕಣ್ಣುಗಳ ನಡುವೆ ನೆಟ್ಟಗೆ ನಿಂತಿತ್ತು.

ಸಂಗೀತ ನಿಂತಿತು. ನಾಯಿ ಬಾಗಿಲಲ್ಲೇ ಉಳಿಯಿತು. ಇಪ್ಪತ್ತೈದು ವರ್ಷದ ನೆಂಟತನದಲ್ಲಿ ಭಾವ ನಾದಿನಿಯ ಬಲಗೈಯನ್ನು ನೋಡಿದ್ದು ಅದೇ ಮೊದಲು. ಹಾಳೆ ಇಸಿದುಕೊಳ್ಳುವಾಗ ಅವನು ಹಾಳೆಯನ್ನಷ್ಟೇ ನೋಡುತ್ತಿದ್ದ.

ಟೀಚರಮ್ಮ ದುರ್ಬೀನು ಇಳಿಸಿದರು. "ಆ ಬೆರಳಿಗೆ ಏನಾಯ್ತಮ್ಮಾ?"

ಇಳಿಸಮ್ಮ ಬಾಯಿ ತೆರೆಯುವ ಮುಂಚೆ ಅಕ್ಕ ಎದ್ದು ನಿಂತಿದ್ದಳು, ಈ ಸಲ ಕುರ್ಚಿಯ ಕ್ಷಮೆ ಕೇಳದೆ.

"ನಾನು ಮುರಿದಿದ್ದು. ನಂಗೆ ಹನ್ನೊಂದು ವರ್ಷ. ನನಗಿಂತ ಚೆನ್ನಾಗಿ ನುಡಿಸ್ತಾಳೆ ಅಂತ ಮುಚ್ಚಳ ಹಾಕಿಬಿಟ್ಟೆ. ತಾನಾಗಿ ಬಿತ್ತು ಅಂತ ಅಮ್ಮನ ಹತ್ರ ಸುಳ್ಳು ಹೇಳಿದ್ವಿ, ಇಬ್ರೂ. ತಾನಾಗಿ ಬೀಳಲಿಲ್ಲ. ಪುಸ್ತಕ ಅವಳದು, ಪೂರ್ತಿ." ಆಮೇಲೆ ಗಂಡನ ಕಡೆ ತಿರುಗಿ, ಊಟಕ್ಕೆ ಕರೆಯುವ ಧ್ವನಿಯಲ್ಲೇ ಹೇಳಿದಳು: "ಏಳಿ. ಅವಳು ಕೂತ್ಕೊಳ್ಳಲಿ."

ಭಾವ ಎದ್ದ. ಬೇರೆ ದಾರಿಯಿರಲಿಲ್ಲ, ಬೆರಳು ಇನ್ನೂ ಅವನ ಮೂಗಿನ ಹತ್ತಿರವೇ ಇತ್ತು. ಇಳಿಸಮ್ಮ ಕೂತಳು. ನಲವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಜನರೆದುರಿಗೆ ನುಡಿಸಿದಳು. ಒಂಬತ್ತು ಬೆರಳು ಕೀಗಳ ಮೇಲೆ ಓಡಾಡಿದವು, ಹತ್ತನೆಯದು ಗಾಳಿಯಲ್ಲಿ ನಿಂತು ಮೇಲ್ವಿಚಾರಣೆ ನೋಡಿಕೊಂಡಿತು. ಪುಟ ತಿರುಗಿಸಲು ಅವಳು ಭಾವನ ಕಡೆ ನೋಡಿದಳು. ಒಮ್ಮೆಯಲ್ಲ, ಪ್ರತಿ ಪುಟಕ್ಕೂ ನೋಡಿದಳು. ಕಣ್ಣುಮುಚ್ಚಿ ನುಡಿಸಬಲ್ಲವಳಿಗೆ ಪುಟ ತಿರುಗಿಸುವವರು ಬೇಕಿರಲಿಲ್ಲ ಎಂಬುದು ಬೇರೆ ಮಾತು. ನಾಯಿ ಮನೆ ಸೇರಿದಾಗ ಜನ ಎಷ್ಟು ಅತ್ತರೆಂದರೆ, ಒಳಗಿನ ಸಿನಿಮಾಕ್ಕೆ ಕಣ್ಣೀರು ಉಳಿಯದೆ ಮ್ಯಾನೇಜರು ತಲೆಯ ಮೇಲೆ ಕೈಹೊತ್ತು ಕೂತರು.

ಎರಡನೇ ಮುದ್ರಣದ ಮೊದಲ ಕರಡು ತಿಂಗಳೊಳಗೆ ಬಂತು. ಹೊದಿಕೆಯ ಮೇಲೆ ಇಳಿಸಮ್ಮನ ನಿಜವಾದ ಹೆಸರು, ನೀರಿನ ಬಿಲ್ಲಿನಂತಲ್ಲದೆ ಸರಿಯಾಗಿ. ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿದ್ದ ಅದನ್ನು ಪೇಟೆಯವರು ಓದಿ, ಇದ್ಯಾರು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಕೊನೆಯ ಪುಟದ ಸಾಲನ್ನು ಅವಳೇ ಬರೆದುಕೊಟ್ಟಿದ್ದಳು: ಅಂದವಾಗಿ ಪ್ರತಿ ಮಾಡಲು ನೆರವಾದ ಭಾವನಿಗೆ ಧನ್ಯವಾದಗಳು. ಇರುವೆ ಗಾತ್ರ ದೊಡ್ಡದಾಯಿತೆಂದು ಮುದ್ರಕನ ಬಳಿ ಎರಡು ಸಲ ಹೋಗಿ, ಅದಕ್ಕೂ ಸಣ್ಣ ಅಕ್ಷರ ಹುಡುಕಿಸಿದ್ದಳು.

ಕರಡು ತಿದ್ದಲು ಅಂಗಡಿಗೆ ಬಂದವಳೆದುರು ಭಾವ ಹಾಳೆಗಳನ್ನು ಒಂದೊಂದಾಗಿ ಇಟ್ಟ. ಅಕ್ಕ ಮೂಲೆಯಲ್ಲಿ ತಂತಿಯ ಸುರುಳಿ ಸುತ್ತುತ್ತಿದ್ದಳು, ಈಗ ಬಿಳಿ ಕಾಗದದಲ್ಲಿ. ಸೋತವನಿಗೆ ಕೊನೆಯ ಒಂದು ಕಲ್ಲಾದರೂ ಎಸೆಯಬೇಕೆನಿಸಿತು.

"ಇಷ್ಟು ವರ್ಷ ಹತ್ತು ಬೆರಳು, ಹತ್ತು ಬೆರಳು ಅಂತ ಊರೆಲ್ಲಾ ಡಂಗುರ ಹೊಡೆದೆಯಲ್ಲಮ್ಮ. ಕೊನೆಗೆ ನೋಡಿದ್ರೆ ಒಂಬತ್ತೇ."

ಇಳಿಸಮ್ಮ ಪೆನ್ಸಿಲನ್ನು ಎಡಗೈಗೆ ಬದಲಿಸಿ, ಹಾಳೆಯ ಮೇಲೆ ಬಲಗೈ ಚಾಚಿಟ್ಟಳು.

"ಹೌದು ಭಾವ. ಎಪ್ಪತ್ತು ಜನರನ್ನ ಇಳಿಸೋಕೆ ಒಂಬತ್ತು ಬೇಕಾಯ್ತು. ನಿಮಗೆ ಒಂದೇ ಸಾಕಾಯ್ತು, ಅದೂ ಕೆಲಸಕ್ಕೆ ಬಾರದ್ದು."